ಬ್ಯಾಂಡಿಗಾಗಿ ಕೆಲಸ ಬಿಡಬೇಕಾ? ಡ್ರಮ್ಸ್ ಬಾರಿಸುವವರು ನಿಮ್ಮ ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಐದು ವರ್ಷದಿಂದ ಒಂದು ಆಲ್ಟರ್ನೇಟಿವ್ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದೇನೆ. ನಾಲ್ಕು ಜನ ಇದ್ದೇವೆ. ಇಷ್ಟು ದಿನ ಶನಿವಾರ, ಭಾನುವಾರ ಶೋ, ಉಳಿದ ದಿನ ಎಲ್ಲರಿಗೂ ಅವರವರ ಕೆಲಸ. ಈಗ ಒಂದು ಲೇಬಲ್‌ನವರು, ಅಂದರೆ ಹಾಡು ರೆಕಾರ್ಡ್ ಮಾಡಿಸಿ ಮಾರುವ ಕಂಪನಿಯವರು, ಆಲ್ಬಂ ಮಾಡೋಣ ಅಂದಿದ್ದಾರೆ. ಅದಾದ ಮೇಲೆ ಮೂರು ತಿಂಗಳ ಟೂರ್. ಕೆಲಸ ಬಿಡಬೇಕಾ ಬೇಡವಾ ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ಇನ್ನೊಂದು ವಿಷಯ. ಹಾಡುಗಳ ಹಕ್ಕು ಹಾಡುವವನ ಮತ್ತು ಗಿಟಾರಿಸ್ಟ್‌ನ ಹೆಸರಿನಲ್ಲಿ ಇರುತ್ತದೆ ಅಂತ ಮೊನ್ನೆ ಮಾತಿನ ಮಧ್ಯೆ ಬಂತು. ನಾನು ಏನೂ ಹೇಳದೆ ಸುಮ್ನಿದ್ದೆ. ಡ್ರಮ್ಮರ್ ಆಗಿ ಬದುಕು ಕಟ್ಟಿಕೊಂಡವರು, ಪ್ರಯತ್ನ ಮಾಡಿ ಬಿಟ್ಟವರು, ನಿಮಗೆ ಏನಾಯಿತು ಅಂತ ಹೇಳಿ. ಧೈರ್ಯ ತುಂಬುವ ಮಾತು ಬೇಡ, ನಡೆದದ್ದು ನಡೆದ ಹಾಗೆ ಬೇಕು.

ಡ್ರಮ್ಮರ್, 17 ವರ್ಷದಿಂದ

ತಮ್ಮಾ, ನಾನು ಎರಡು ಬ್ಯಾಂಡ್ ನೋಡಿದವನು. ಒಂದು ಒಡೆದುಹೋಯಿತು, ಇನ್ನೊಂದರಲ್ಲಿ ಈಗಲೂ ಇದ್ದೇನೆ. ನಿನ್ನ ಪ್ರಶ್ನೆಯಲ್ಲಿ ಕೆಲಸದ ವಿಷಯ ಮೊದಲು ಬಂದಿದೆ, ಹಕ್ಕಿನ ವಿಷಯ ಆಮೇಲೆ ಬಂದಿದೆ. ನನ್ನ ಪ್ರಕಾರ ಎರಡನೆಯದೇ ದೊಡ್ಡದು. ಆದರೂ ಕೆಲಸದ್ದು ಮೊದಲು ಹೇಳಿಬಿಡುತ್ತೇನೆ.

ರಾಜೀನಾಮೆ ಕೊಡಬೇಡ. ಸಂಬಳವಿಲ್ಲದ ರಜೆ ಸಿಗುತ್ತದಾ ಕೇಳು. ನಾನು ಮೊದಲ ಟೂರ್‌ಗೆ ಮುಂಚೆ ಕೆಲಸ ಬಿಟ್ಟೆ, ಟೂರ್ ಚೆನ್ನಾಗಿಯೇ ಆಯಿತು, ಮುಗಿಸಿ ಬಂದ ಮೇಲೆ ಏಳು ತಿಂಗಳು ಒಂದೂ ಶೋ ಇರಲಿಲ್ಲ, ಯಾಕೆಂದರೆ ಹಾಡು ಬರೆಯುವವರಿಗೆ ಮುಂದಿನ ಆಲ್ಬಂಗೆ ಸಮಯ ಬೇಕಿತ್ತು ಮತ್ತು ಆ ಸಮಯದಲ್ಲಿ ಡ್ರಮ್ಮರ್‌ಗೆ ಮಾಡಲು ಕೆಲಸವೇ ಇರುವುದಿಲ್ಲ. ಬ್ಯಾಂಡಿನ ದುಡಿಮೆ ಮಳೆಗಾಲದ ಹೊಳೆ ಇದ್ದ ಹಾಗೆ. ಬಂದರೆ ಒಂದೇ ಸಲ ಬರುತ್ತದೆ, ಆಮೇಲೆ ಬರೀ ಕಲ್ಲು ಕಾಣುತ್ತದೆ. ಲೇಬಲ್ ಕೊಡುವ ಮುಂಗಡ ನೋಡಿ ಕೂಡ ಮೋಸ ಹೋಗಬೇಡ. ಅದು ಸಾಮಾನ್ಯವಾಗಿ ನಿಮ್ಮ ಮುಂದಿನ ರಾಯಲ್ಟಿಯಿಂದ, ಅಂದರೆ ಮಾರಾಟದಲ್ಲಿ ನಿಮಗೆ ಬರುವ ಪಾಲಿನಿಂದ, ಹಿಡಿದುಕೊಳ್ಳುವ ದುಡ್ಡು. ರೆಕಾರ್ಡಿಂಗ್ ಖರ್ಚು, ಕೆಲವು ಸಲ ಟೂರ್‌ಗೆ ಕೊಟ್ಟ ನೆರವು ಕೂಡ, ಅದರಲ್ಲೇ ಕಳೆಯುತ್ತಾರೆ. ಅದೆಲ್ಲ ವಸೂಲಿ ಆಗುವ ತನಕ ರೆಕಾರ್ಡ್ ಮಾರಾಟದಿಂದ ನಿಮ್ಮ ಕೈಗೆ ಏನೂ ಬರುವುದಿಲ್ಲ.

ಈಗ ಹಕ್ಕಿನ ಮಾತು. ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿ ಇರುತ್ತದೆ. ಒಂದು ಹಾಡು, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ಆ ಹಾಡಿನ ರೆಕಾರ್ಡಿಂಗ್. ಮೊದಲನೆಯದರ ದುಡ್ಡು ಬರೆದವರಿಗೆ ಹೋಗುತ್ತದೆ. ಎರಡನೆಯದರಲ್ಲಿ ಲೇಬಲ್‌ಗೂ ನುಡಿಸಿದವರಿಗೂ ಪಾಲು ಇರುತ್ತದೆ. ಡ್ರಮ್ಮರ್ ಬಾರಿಸಿದ ಬೀಟ್ ಇಲ್ಲದೆ ಆ ಹಾಡು ನಿಲ್ಲುವುದೇ ಇಲ್ಲ ಅಂದರೂ, ಅವನನ್ನು ಬರೆದವರ ಸಾಲಿಗೆ ತಾನಾಗಿ ಯಾರೂ ಸೇರಿಸುವುದಿಲ್ಲ. ಬ್ಯಾಂಡಿನವರು ಕೂತು ಒಪ್ಪಿಕೊಂಡರೆ ಮಾತ್ರ ಸೇರಿಸುತ್ತಾರೆ.

ನನ್ನದೇ ಕತೆ ಹೇಳುತ್ತೇನೆ. ಮೊದಲ ಬ್ಯಾಂಡಿನ ಗಿಟಾರಿಸ್ಟ್ ಒಂದು ನಿಧಾನದ ರಾಗ ತಂದಿದ್ದ. ಎರಡು ತಿಂಗಳು ಅದು ಎಲ್ಲೂ ಕೂರಲಿಲ್ಲ. ಒಂದು ಸಂಜೆ ಸ್ನೇರ್ (ಚುರುಕು ಸದ್ದಿನ ಮುಖ್ಯ ಡ್ರಮ್) ಅಡಿಯ ತಂತಿ ಕಿತ್ತುಬಂದಿತ್ತು, ರಿಪೇರಿ ಮಾಡುವ ತನಕ ಸುಮ್ನೆ ಯಾಕೆ ಕೂರಬೇಕು ಅಂತ ನೆಲದ ಮೇಲೆ ನಿಲ್ಲುವ ದಪ್ಪ ಸದ್ದಿನ ಫ್ಲೋರ್ ಟಾಮ್ ಮೇಲೇ ಪೂರ್ತಿ ಬಾರಿಸಿದೆ. ಎಂಟರ ಎಣಿಕೆ, ನಾಲ್ಕು ಮತ್ತು ಏಳರ ಮೇಲೆ ಒತ್ತು, ಸ್ನೇರ್ ಇಲ್ಲವೇ ಇಲ್ಲ. ಹಾಡುವವನು ತಲೆ ಎತ್ತಿ ನೋಡಿದ. ಆವತ್ತೇ ಹಾಡು ಮುಗಿಯಿತು. ಸ್ನೇರ್ ಎರಡನೇ ಚರಣಕ್ಕೆ ಮಾತ್ರ ಬರಬೇಕು ಅಂತ ಅಲ್ಲೇ ತೀರ್ಮಾನ ಆಯಿತು. ಬ್ಯಾಂಡ್ ಒಡೆದು ಐದು ವರ್ಷದ ಮೇಲೆ ಆ ಹಾಡನ್ನು ಒಂದು ಜಾಹೀರಾತಿಗೆ ತೆಗೆದುಕೊಂಡರು, ಮೊದಲ ಇಪ್ಪತ್ತು ಸೆಕೆಂಡು ಮಾತ್ರ. ಅಂದರೆ ಬರೀ ನನ್ನ ಫ್ಲೋರ್ ಟಾಮ್ ಮತ್ತು ಒಂದು ಎಳೆ ಗಿಟಾರ್. ಬರೆದವರ ದುಡ್ಡು ಎರಡೇ ಹೆಸರಿಗೆ ಹೋಯಿತು. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ನಾನು ಯಾವತ್ತೂ ಬಾಯಿಬಿಟ್ಟು ಕೇಳಿರಲಿಲ್ಲ, ನೀನು ಮೊನ್ನೆ ಇದ್ದ ಹಾಗೆ ಸುಮ್ನಿದ್ದೆ.

ದೊಡ್ಡ ಬ್ಯಾಂಡುಗಳಲ್ಲೂ ಹೀಗೇ ಆಗಿದೆ. ದಿ ಸ್ಮಿತ್ಸ್ ಬ್ಯಾಂಡ್ 1982ರಿಂದ 1987ರ ತನಕ ಇತ್ತು. ಹಾಡು ಬರೆಯುತ್ತಿದ್ದವರು ಮಾರಿಸ್ಸಿ ಮತ್ತು ಜಾನಿ ಮಾರ್. ರೆಕಾರ್ಡಿಂಗ್ ಮತ್ತು ಶೋಗಳ ದುಡ್ಡಿನಲ್ಲೂ ಆ ಇಬ್ಬರಿಗೆ ತಲಾ 40 ಪರ್ಸೆಂಟ್, ಡ್ರಮ್ಮರ್ ಮೈಕ್ ಜಾಯ್ಸ್‌ಗೂ ಬೇಸ್ ನುಡಿಸುವ ಆಂಡಿ ರೂರ್ಕ್‌ಗೂ ತಲಾ 10. ಜಾಯ್ಸ್ ಕೋರ್ಟಿಗೆ ಹೋದರು. 1996ರಲ್ಲಿ ಲಂಡನ್ನಿನ ಹೈಕೋರ್ಟ್ ಅವರನ್ನು ಸಮಾನ ಪಾಲುದಾರ ಅಂತ ಒಪ್ಪಿ 25 ಪರ್ಸೆಂಟ್ ಸಿಗಬೇಕು ಅಂತ ತೀರ್ಪು ಕೊಟ್ಟಿತು. ಬರೆದ ಹಕ್ಕು ಅದರಲ್ಲಿ ಸೇರಿಲ್ಲ, ನುಡಿಸಿದ ದುಡ್ಡು ಮಾತ್ರ. ಬೇರೆ ಏನೂ ಲಿಖಿತವಾಗಿ ಒಪ್ಪಿಕೊಂಡಿರಲಿಲ್ಲ ಅನ್ನುವುದೇ ಆ ಕೇಸಿನಲ್ಲಿ ಮುಖ್ಯ ಆಯಿತು. ಅವರು ಗೆದ್ದರು ನಿಜ, ಆದರೆ ಬ್ಯಾಂಡ್ ಒಡೆದು ಒಂಬತ್ತು ವರ್ಷ ಆಗಿತ್ತು. ಇನ್ನೊಂದು ಕಡೆ ಆರ್.ಇ.ಎಂ. ಬ್ಯಾಂಡ್ ನೋಡು. ಹಾಡು ಯಾರು ತಂದರೂ ನಾಲ್ಕೂ ಜನರ ಹೆಸರು ಹಾಕುತ್ತಿದ್ದರು. ಬೆರ್ರಿ, ಬಕ್, ಮಿಲ್ಸ್, ಸ್ಟೈಪ್, ಅಕ್ಷರಮಾಲೆಯ ಕ್ರಮದಲ್ಲಿ, ಡ್ರಮ್ಮರ್ ಹೆಸರೇ ಮೊದಲು. ಜಗತ್ತು ಅವರನ್ನು ಕೇಳುವ ಮುಂಚೆಯೇ ಅದು ತೀರ್ಮಾನ ಆಗಿತ್ತು.

ನಿಮ್ಮ ಬ್ಯಾಂಡಿನಲ್ಲಿ ಸಮಪಾಲೇ ಆಗಬೇಕು ಅಂತ ನಾನು ಹಟ ಮಾಡುವುದಿಲ್ಲ. ಒಬ್ಬ ಮನೆಯಲ್ಲಿ ಕೂತು ಪೂರ್ತಿ ಹಾಡು ಬರೆದು ತಂದರೆ ಅವನಿಗೆ ಜಾಸ್ತಿ ಹೋಗುವುದು ನ್ಯಾಯವೇ. ಆದರೆ ಎಷ್ಟು ಅಂತ ಸ್ಟುಡಿಯೋ ಬಾಗಿಲು ತೆರೆಯುವ ಮುಂಚೆ ಬರೆದಿಡಿ. ಒಂದು ಹಾಳೆ ಸಾಕು. ಹಾಡಿನ ಹೆಸರು, ಯಾರಿಗೆ ಎಷ್ಟು, ತಾರೀಖು, ನಾಲ್ಕು ಸಹಿ. ಈಗ ದುಡ್ಡು ಇಲ್ಲದಿರುವಾಗ ಈ ಮಾತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ದುಡ್ಡು ಬಂದ ಮೇಲೆ ಅದೇ ಮಾತಿಗೆ ವಕೀಲರು ಬೇಕು.

ಡ್ರಮ್ಮರ್, ಕಿವಿ ಕಳೆದುಕೊಂಡವಳು

ಎಲ್ಲರೂ ದುಡ್ಡಿನ ಬಗ್ಗೆ ಹೇಳುತ್ತಾರೆ ಅಂತ ಗೊತ್ತಿತ್ತು. ನಾನು ಕಿವಿಯ ಬಗ್ಗೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಪ್ಪಾ.

ನನಗೆ 29 ವರ್ಷ ಆಗಿದ್ದಾಗ ಒಂದು ಶೋ ಮುಗಿಸಿ ರೂಮಿಗೆ ಬಂದು ಮಲಗಿದೆ. ಎಡಗಿವಿಯಲ್ಲಿ ಸಣ್ಣಗೆ ಕುಯ್ ಅಂತ ಸದ್ದು. ಶೋ ಆದ ರಾತ್ರಿ ಅದು ಇದ್ದೇ ಇರುತ್ತಿತ್ತು, ಬೆಳಿಗ್ಗೆ ಹೋಗುತ್ತಿತ್ತು. ಆ ಬೆಳಿಗ್ಗೆ ಹೋಗಲಿಲ್ಲ. ಎಂದೂ ಹೋಗಲಿಲ್ಲ. ಈಗ 41. ಇದನ್ನು ಬರೆಯುವಾಗಲೂ ಇದೆ. ಎದ್ದು ಫ್ಯಾನ್ ಆಫ್ ಮಾಡಿದರೆ ಇನ್ನೂ ಜೋರಾಗುತ್ತದೆ, ಅದಕ್ಕೇ ಫ್ಯಾನ್ ಹಾಕಿಕೊಂಡೇ ಮಲಗುತ್ತೇನೆ.

ಡಾಕ್ಟರು ಕಿವಿ ಪರೀಕ್ಷೆಯ ಗ್ರಾಫ್ ತೋರಿಸಿದರು. ಗೆರೆ ಚೆನ್ನಾಗಿ ಸಾಗಿ 4000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಕೆಳಗೆ ಇಳಿದಿತ್ತು, ಆಮೇಲೆ ಸ್ವಲ್ಪ ಮೇಲೆ ಬಂದಿತ್ತು. ಸದ್ದಿನಿಂದ ಹಾಳಾದ ಕಿವಿಯ ಗುರುತೇ ಅದಂತೆ. ಎಡಗಡೆ ಜಾಸ್ತಿ, ಯಾಕೆಂದರೆ ಬಲಗೈಯವರಿಗೆ ಹೈ-ಹ್ಯಾಟ್, ಅಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್ (ಲೋಹದ ತಟ್ಟೆ), ಇರುವುದು ಎಡಗಡೆ, ಸ್ನೇರ್ ಕೂಡ ಅದರ ಪಕ್ಕದಲ್ಲೇ, ಮೇಲೆ ನಾವು ನುಡಿಸಿದ್ದು ನನಗೆ ಕೇಳಲಿ ಅಂತ ಇಡುವ ಮಾನಿಟರ್ ಸ್ಪೀಕರ್ ಅನ್ನೂ ಅದೇ ಕಡೆ ಇಡುತ್ತಿದ್ದರು.

ಲೆಕ್ಕ ಕೇಳು. ಅಮೆರಿಕದ ಎನ್‌ಐಒಎಸ್‌ಎಚ್ ಅನ್ನುವ ಸಂಸ್ಥೆ ಕೆಲಸದ ಜಾಗದಲ್ಲಿ ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿ ಇಟ್ಟಿದೆ. ಪ್ರತಿ 3 ಡೆಸಿಬೆಲ್ ಜಾಸ್ತಿಯಾದರೆ ಸಮಯ ಅರ್ಧ. 88 ಆದರೆ 4 ಗಂಟೆ, 91 ಆದರೆ 2, ಹೀಗೆ ಇಳಿಯುತ್ತಾ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಗಟ್ಟಿಯಾಗಿ ಬಾರಿಸಿದ ಡ್ರಮ್ ಕಿಟ್ 100 ದಾಟುವುದು ಮಾಮೂಲು. ನಾವು ಪ್ರಾಕ್ಟೀಸ್ ಮಾಡುತ್ತಿದ್ದುದು ಮೂರು ಗಂಟೆ, ಸಣ್ಣ ರೂಮಿನಲ್ಲಿ, ವಾರಕ್ಕೆ ನಾಲ್ಕು ಸಲ. ನನ್ನ ಕಿವಿ ಹಾಳು ಮಾಡಿದ್ದು ಶೋಗಳಿಗಿಂತ ಆ ಪ್ರಾಕ್ಟೀಸ್ ರೂಮೇ ಜಾಸ್ತಿ ಅಂತ ನನಗೆ ಈಗ ಅನಿಸುತ್ತದೆ. ಶೋಗೆ ಕಿವಿಗೆ ಪ್ಲಗ್ ಹಾಕಿಕೊಳ್ಳುವವರು ಕೂಡ ಪ್ರಾಕ್ಟೀಸಿಗೆ ಹಾಕಿಕೊಳ್ಳುವುದಿಲ್ಲ.

ಫೋಮ್ ಪ್ಲಗ್ ಹಾಕಿದರೆ ಸಿಂಬಲ್ ಸದ್ದೇ ಸತ್ತುಹೋಗುತ್ತದೆ, ಬಾರಿಸುವ ಖುಷಿ ಹೋಗುತ್ತದೆ, ಅದಕ್ಕೇ ನಾನು ಕಿತ್ತು ಬಿಸಾಡುತ್ತಿದ್ದೆ. ಸಂಗೀತಗಾರರಿಗೆ ಅಂತಲೇ ಬೇರೆ ಪ್ಲಗ್ ಇದೆ. ನಿನ್ನ ಕಿವಿಯ ಅಚ್ಚು ತೆಗೆದು ಮಾಡಿಕೊಡುತ್ತಾರೆ, ಒಳಗೆ ಫಿಲ್ಟರ್ ಇರುತ್ತದೆ, 9, 15, 25 ಡೆಸಿಬೆಲ್ ಹೀಗೆ. ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ. ಡ್ರಮ್ಮರ್‌ಗೆ 25ರದ್ದು ತಗೋ. ಹೊಸ ಸಿಂಬಲ್ ಕೊಳ್ಳುವ ಮುಂಚೆ ಇದು. ಮೊದಲ ಎರಡು ವಾರ ವಿಚಿತ್ರ ಅನಿಸುತ್ತದೆ, ಆಮೇಲೆ ಮರೆತೇಹೋಗುತ್ತದೆ.

ಮೈ ಬಗ್ಗೆ ಕೂಡ ಎರಡು ಮಾತು. ಟೂರ್‌ನಲ್ಲಿ ಮಣಿಕಟ್ಟು ಹೋಗುವುದು ಸ್ಟಿಕ್ಕನ್ನು ಬಿಗಿಯಾಗಿ ಹಿಡಿಯುವುದರಿಂದ. ಗಟ್ಟಿ ಸದ್ದು ಬೇಕು ಅಂದರೆ ಕೈ ಸಡಿಲ ಇರಬೇಕು, ಸ್ಟಿಕ್ ತಾನೇ ಬೀಳಬೇಕು, ತಾನೇ ಏಳಬೇಕು. ಸ್ಟೇಜಿಗೆ ಹೋಗುವ ಮುಂಚೆ ಪ್ಯಾಡ್ ಮೇಲೆ ಹದಿನೈದು ನಿಮಿಷ ಮೆಲ್ಲಗೆ ಬಾರಿಸು. ಸೀಟು ಮಂಡಿಗಿಂತ ಸ್ವಲ್ಪ ಎತ್ತರ ಇರಲಿ. ನಾನು ತಗ್ಗು ಸೀಟಿನಲ್ಲಿ ಕೂತು ಸೊಂಟ ನೋಯಿಸಿಕೊಂಡೆ, ಎರಡು ಇಂಚು ಏರಿಸಿದ ಮೇಲೆ ವಾಸಿಯಾಯಿತು.

ರೆಕಾರ್ಡಿಂಗ್ ಎಂಜಿನಿಯರ್

ಆಲ್ಬಂ ಅಂದಿದ್ದೀರಲ್ಲ, ಸ್ಟುಡಿಯೋ ಬಗ್ಗೆ ನಾನು ಹೇಳುತ್ತೇನೆ. ಮೊದಲ ಆಲ್ಬಂಗೆ ಬರುವ ಬ್ಯಾಂಡುಗಳಲ್ಲಿ ಸ್ಟುಡಿಯೋದಲ್ಲಿ ಎಡವುವುದು ಹೆಚ್ಚಾಗಿ ಡ್ರಮ್ಮರ್‌ಗಳೇ. ಪಾಪ, ಅವರ ತಪ್ಪಲ್ಲ. ಸಾಮಾನ್ಯವಾಗಿ ಡ್ರಮ್ಸ್ ಮೊದಲು ರೆಕಾರ್ಡ್ ಆಗುತ್ತದೆ, ಉಳಿದದ್ದೆಲ್ಲ ಅದರ ಮೇಲೆ ಕೂರುತ್ತದೆ. ಅಡಿಪಾಯ ಹಾಕುವವನಿಗೆ ಎಲ್ಲರಿಗಿಂತ ಕಡಿಮೆ ಸಮಯ ಸಿಗುತ್ತದೆ. ಎರಡು ದಿನದಲ್ಲಿ ಹತ್ತು ಹಾಡು, ಕಿವಿಯಲ್ಲಿ ಕ್ಲಿಕ್ (ಲಯ ತಪ್ಪದಿರಲು ಹಾಕುವ ಟಕ್ ಟಕ್ ಸದ್ದು), ಗಾಜಿನ ಆಚೆ ಆರು ಜನ ನೋಡುತ್ತಿರುತ್ತಾರೆ.

ಕ್ಲಿಕ್ ಜೊತೆ ಈಗಿನಿಂದಲೇ ಪ್ರಾಕ್ಟೀಸ್ ಮಾಡಿ. ಬರೀ ಟಕ್ ಟಕ್ ಜೊತೆ ಓಡುವುದಲ್ಲ. ಹಾಡು 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಎಣಿಕೆ ಇದ್ದರೆ, ಕ್ಲಿಕ್ ಕೊಡುವ ಮೆಟ್ರೊನೋಮನ್ನು 60ಕ್ಕೆ ಇಟ್ಟು, ಆ ಸದ್ದು ಎರಡು ಮತ್ತು ನಾಲ್ಕನೇ ಎಣಿಕೆಯ ಮೇಲೆ ಬೀಳುತ್ತಿದೆ ಅಂತ ಅಂದುಕೊಂಡು ಬಾರಿಸಿ. ಇನ್ನೂ ಕಷ್ಟ ಬೇಕಾ, ಎರಡು ಆವರ್ತ ಕ್ಲಿಕ್ ಇರಲಿ, ಎರಡು ಆವರ್ತ ಇರದಿರಲಿ. ಕ್ಲಿಕ್ ವಾಪಸ್ ಬಂದಾಗ ನೀವು ಎಲ್ಲಿದ್ದೀರಿ ಅನ್ನುವುದು ಆಗ ಗೊತ್ತಾಗುತ್ತದೆ. ಹೆಚ್ಚಿನವರು ಫಿಲ್ (ಎರಡು ಭಾಗದ ನಡುವಿನ ಸಣ್ಣ ಕೈಚಳಕ) ಬಂದಾಗ ಓಡುತ್ತಾರೆ, ಕೋರಸ್ ಬಂದಾಗ ಇನ್ನೂ ಓಡುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಬಾರಿಸುವಾಗ ನಿಮಗೆ ಅದು ತಿಳಿಯುವುದೇ ಇಲ್ಲ.

ಇನ್ನೊಂದು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಎಂಟು ಹತ್ತು ಮೈಕ್ ಇಟ್ಟಿರುತ್ತೇವೆ, ಸಿಂಬಲ್ ಸದ್ದು ಅವೆಲ್ಲದರೊಳಗೂ ನುಗ್ಗುತ್ತದೆ. ಸಿಂಬಲ್ ಜೋರು, ಸ್ನೇರ್ ಮೆತ್ತಗೆ ಬಾರಿಸಿದರೆ ನಾನು ಆಮೇಲೆ ಸ್ನೇರ್ ಎಷ್ಟು ಏರಿಸಿದರೂ ಜೊತೆಗೆ ಸಿಂಬಲ್ ಏರುತ್ತದೆ. ಸ್ನೇರ್ ಮತ್ತು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಗಟ್ಟಿಯಾಗಿ, ಹೈ-ಹ್ಯಾಟ್ ಮತ್ತು ಕ್ರ್ಯಾಶ್ ಸಿಂಬಲ್ ಹಗುರವಾಗಿ. ಯಾವುದು ಜೋರು, ಯಾವುದು ಮೆತ್ತಗೆ ಅನ್ನುವ ಮಿಕ್ಸ್ ನಿಮ್ಮ ಕೈಯಲ್ಲೇ ಆಗಬೇಕು. ಡ್ರಮ್‌ಗೆ ಹೊಸ ಹೆಡ್, ಅಂದರೆ ಬಾರಿಸುವ ಹೊದಿಕೆ, ಹಾಕಿಸಿಕೊಂಡು ಬನ್ನಿ, ಹಿಂದಿನ ದಿನವೇ ಹಾಕಿ ಟ್ಯೂನ್ ಮಾಡಿ, ಅದು ಸ್ವಲ್ಪ ಸಡಿಲ ಬಿಡುತ್ತದೆ, ಬೆಳಿಗ್ಗೆ ಮತ್ತೆ ಟ್ಯೂನ್ ಮಾಡಿ. ಪೆಡಲ್‌ಗೆ ಎಣ್ಣೆ ಬಿಡಿ. ಕೀರಲು ಸದ್ದಿನ ಪೆಡಲ್‌ನಿಂದಾಗಿ ಒಂದು ಪೂರ್ತಿ ಟೇಕ್ ಬಿಸಾಡಿದ್ದೇವೆ.

ಸ್ಟುಡಿಯೋದಲ್ಲಿ ನಿಮ್ಮ ಬದಲು ಬೇರೆಯವರು ಬಾರಿಸುವುದೂ ನಡೆಯುತ್ತದೆ. ಫೂ ಫೈಟರ್ಸ್‌ನ ಎರಡನೇ ಆಲ್ಬಂ 1997ರಲ್ಲಿ ಬಂತು. ಆಗ ಡ್ರಮ್ಮರ್ ಆಗಿದ್ದವರು ವಿಲಿಯಂ ಗೋಲ್ಡ್‌ಸ್ಮಿತ್. ಅವರು ಬಾರಿಸಿದ ಬಹುಪಾಲನ್ನು ಬ್ಯಾಂಡಿನ ಹಾಡುಗಾರ ಡೇವ್ ಗ್ರೋಲ್ ಮತ್ತೆ ತಾವೇ ಬಾರಿಸಿ ರೆಕಾರ್ಡ್ ಮಾಡಿದರು, ಗೋಲ್ಡ್‌ಸ್ಮಿತ್ ಬ್ಯಾಂಡ್ ಬಿಟ್ಟರು. ಎಷ್ಟು ಒಳ್ಳೆಯ ಡ್ರಮ್ಮರ್‌ಗೂ ಇದು ಆಗಬಹುದು. ಅದಕ್ಕೇ ಹೇಳುತ್ತೇನೆ, ಸ್ಟುಡಿಯೋಗೆ ಹೋಗುವ ಒಂದು ತಿಂಗಳ ಮುಂಚೆ ನಿರ್ಮಾಪಕರನ್ನು ಪ್ರಾಕ್ಟೀಸಿಗೆ ಕರೆಯಿರಿ. ಏನು ಇಷ್ಟವಿಲ್ಲವೋ ಅಲ್ಲೇ ಹೇಳಲಿ.

ಗಿಟಾರಿಸ್ಟ್

ನಾನು ಡ್ರಮ್ಮರ್ ಅಲ್ಲ, ಆದರೆ ನಮ್ಮ ಬ್ಯಾಂಡಿನಲ್ಲಿ ಮೂರು ಡ್ರಮ್ಮರ್‌ಗಳು ಬಂದು ಹೋದರು. ನಾವು ಈಗ ನಾಲ್ಕನೆಯವರ ಜೊತೆ ಇದ್ದೇವೆ. ಆಚೆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಹೋದ ಮೂವರಲ್ಲಿ ಯಾರನ್ನೂ ಬಾರಿಸಲು ಬರುವುದಿಲ್ಲ ಅಂತ ಕಳಿಸಲಿಲ್ಲ. ಒಬ್ಬ ಹಾಡಿನ ಮಾತು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನಮ್ಮ ತರಹದ ಸಂಗೀತದಲ್ಲಿ ಚರಣ ಪಿಸುಮಾತಿನ ಹಾಗೆ ಇರುತ್ತದೆ, ಕೋರಸ್ ಗೋಡೆ ಬಿದ್ದ ಹಾಗೆ. ಪಿಕ್ಸೀಸ್ ಬ್ಯಾಂಡಿನವರು ಅದನ್ನು ಮಾಡಿ ತೋರಿಸಿದರು, ನಿರ್ವಾಣ ಬ್ಯಾಂಡ್ ಅವರಿಂದ ಕಲಿಯಿತು. ಆ ಏರಿಳಿತ ಗಿಟಾರ್ ಪೆಡಲ್ ತುಳಿದರೆ ಬರುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಇಲ್ಲ. ಡ್ರಮ್ಮರ್ ಚರಣದಲ್ಲಿ ಮೆಲ್ಲಗೆ ಬಾರಿಸಿದರೆ ಮಾತ್ರ ಕೋರಸ್ ದೊಡ್ಡದಾಗಿ ಕೇಳಿಸುತ್ತದೆ. ಆ ಹುಡುಗ ಮೊದಲಿನಿಂದ ಕೊನೆಯ ತನಕ ಒಂದೇ ಜೋರಿನಲ್ಲಿ ಬಾರಿಸುತ್ತಿದ್ದ. ಕೈ ಅದ್ಭುತ, ಆದರೆ ಹಾಡುವವಳ ಗಂಟಲು ಹೋಯಿತು.

ಡ್ರಮ್ಮರ್ ಜಾಗ ಅಷ್ಟು ಗಟ್ಟಿ ಅಲ್ಲ ಅನ್ನುವುದು ನಿಜ. ಪರ್ಲ್ ಜಾಮ್ ಬ್ಯಾಂಡ್ ನೋಡಿ, 1990ರಿಂದ ಅದೇ ಹಾಡುಗಾರ, ಅದೇ ಗಿಟಾರಿಸ್ಟ್‌ಗಳು, ಅದೇ ಬೇಸ್. ಡ್ರಮ್ಸ್‌ಗೆ ಮಾತ್ರ ಒಬ್ಬರ ಹಿಂದೆ ಒಬ್ಬರು ನಾಲ್ಕು ಜನ ಬಂದು ಹೋಗಿ, 1998ರಲ್ಲಿ ಮ್ಯಾಟ್ ಕ್ಯಾಮರಾನ್ ಬಂದರು, ಅವರ ಹಿಂದಿನ ಬ್ಯಾಂಡ್ ಸೌಂಡ್‌ಗಾರ್ಡನ್ ಒಡೆದ ಮೇಲೆ. ನಿರ್ವಾಣದಲ್ಲಿ 1990ರಲ್ಲಿ ಡ್ರಮ್ಮರ್ ಚಾಡ್ ಚಾನಿಂಗ್ ಹೋಗಿ, ಮೇಲೆ ಹೇಳಿದ ಡೇವ್ ಗ್ರೋಲ್ ಬಂದರು. ಮರುವರ್ಷ ಅವರ ದೊಡ್ಡ ಆಲ್ಬಂ ಬಂತು. ಆದರೆ 2014ರಲ್ಲಿ ಬ್ಯಾಂಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಗ್ರೋಲ್ ವೇದಿಕೆಯ ಮೇಲೆ ನಿಂತು, ‘ಇನ್ ಬ್ಲೂಮ್’ ಹಾಡಿನ ಆ ಡ್ರಮ್ ಭಾಗ ಚಾನಿಂಗ್ ಅವರದು ಅಂತ ಎಲ್ಲರ ಮುಂದೆ ಹೇಳಿದರು. ಬಾರಿಸಿದ್ದು ಗ್ರೋಲ್, ಕಟ್ಟಿದ್ದು ಚಾನಿಂಗ್. ಆ ಮಾತು ಕೇಳಿದಾಗ ನನಗೆ ನಮ್ಮ ಎರಡನೇ ಡ್ರಮ್ಮರ್ ನೆನಪಾದರು. ಅವರು ಕಟ್ಟಿದ್ದನ್ನು ನಾವು ಈಗಲೂ ಬಾರಿಸುತ್ತೇವೆ, ಅವರ ಹೆಸರು ಎಲ್ಲೂ ಇಲ್ಲ. ಮೊದಲು ಉತ್ತರ ಕೊಟ್ಟ ಅಣ್ಣ ಹೇಳಿದ ಹಾಳೆ ಇದೆಯಲ್ಲ, ಅದನ್ನು ನಾವು ಆಮೇಲೆ ಮಾಡಿದೆವು. ಅವರಿಗೆ ಫೋನ್ ಮಾಡಿ ಎರಡು ಹಾಡಿಗೆ ಹೆಸರು ಸೇರಿಸಿದೆವು. ಮೊದಲೇ ಮಾಡಬೇಕಿತ್ತು.

ಇನ್ನು ಸಣ್ಣ ವಿಷಯಗಳು. ಸಮಯಕ್ಕೆ ಮುಂಚೆ ಬರುವ ಡ್ರಮ್ಮರ್ ಅಂದರೆ ನಮಗೆ ಜೀವ. ಡ್ರಮ್ಸ್ ಜೋಡಿಸಲು ಎಲ್ಲರಿಗಿಂತ ಜಾಸ್ತಿ ಹೊತ್ತು ಬೇಕು, ಸೌಂಡ್‌ಚೆಕ್ ಶುರುವಾಗುವುದು ಕಿಕ್ಕಿನಿಂದ. ಟೂರ್‌ನಲ್ಲಿ ಡ್ರಮ್ ಕಿಟ್ ಹೆಚ್ಚಾಗಿ ಶೋ ನಡೆಯುವ ಜಾಗದ್ದೇ ಇರುತ್ತದೆ, ಆದರೆ ಸ್ನೇರ್, ಸಿಂಬಲ್, ಪೆಡಲ್, ಸೀಟು ನಿಮ್ಮದೇ ಒಯ್ಯಬೇಕು. ಡ್ರಮ್ ಟ್ಯೂನ್ ಮಾಡುವ ಕೀ ಎರಡು ಇಟ್ಟುಕೊಳ್ಳಿ. ಕಿಟ್ ಕೆಳಗೆ ಹಾಸಲು ಒಂದು ಹಳೇ ಜಮಖಾನ ಇರಲಿ, ಇಲ್ಲದಿದ್ದರೆ ಕಿಕ್ ಡ್ರಮ್ ಹಾಡು ಮುಗಿಯುವಷ್ಟರಲ್ಲಿ ಒಂದು ಅಡಿ ಮುಂದೆ ಹೋಗಿರುತ್ತದೆ.

ಸ್ಟೇಜ್ ಭಯ ಇದ್ದವನು

ಇದನ್ನು ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ನನಗೆ ಟೂರ್‌ನ ಐದನೇ ವಾರಕ್ಕೆ ಸ್ಟೇಜ್ ಹತ್ತುವ ಮುಂಚೆ ಕೈ ನಡುಗಲು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಡ್ರಮ್ಮರ್ ಹಿಂದೆ ಕೂತಿರುತ್ತಾನೆ, ಯಾರಿಗೂ ಕಾಣುವುದಿಲ್ಲ ಅಂದುಕೊಂಡೆ. ಆದರೆ ನಡುಗಿದ ಕೈ ತಾಳದಲ್ಲಿ ಕೇಳಿಸುತ್ತದೆ. ದಿ ವೈಟ್ ಸ್ಟ್ರೈಪ್ಸ್ 2007ರಲ್ಲಿ ಡ್ರಮ್ಮರ್ ಮೆಗ್ ವೈಟ್ ಅವರ ತೀವ್ರ ಆತಂಕದ ಕಾರಣ ಹೇಳಿ ಟೂರ್ ರದ್ದು ಮಾಡಿತು. ಅಷ್ಟು ದೊಡ್ಡ ಬ್ಯಾಂಡ್ ಬಹಿರಂಗವಾಗಿ ಅದನ್ನು ಹೇಳಿತಲ್ಲ ಅಂತ ಆಮೇಲೆ ನನಗೆ ಬಾಯಿ ಬಂತು. ಬೇಸ್ ನುಡಿಸುವವನಿಗೆ ಹೇಳಿದೆ. ಅವನು ಅವತ್ತಿನಿಂದ ಪ್ರತಿ ಶೋಗೆ ಮುಂಚೆ ನನ್ನ ಜೊತೆ ಹತ್ತು ನಿಮಿಷ ಕೂತು ಕಾಲಿನಲ್ಲಿ ತಾಳ ಹಾಕುತ್ತಿದ್ದ. ಮಾತಿಲ್ಲ, ತಾಳ ಮಾತ್ರ. ನಿಮ್ಮ ಬ್ಯಾಂಡಿನಲ್ಲಿ ಒಬ್ಬರಿಗಾದರೂ ಮೊದಲೇ ಹೇಳಿಡಿ.

ಬ್ಯಾಂಡ್ ಬಿಟ್ಟವನು

ಒಂಬತ್ತು ವರ್ಷ ಬಾರಿಸಿ 33ಕ್ಕೆ ಬ್ಯಾಂಡ್ ಬಿಟ್ಟೆ. ಜಗಳ ಇರಲಿಲ್ಲ. ಮಗು ಹುಟ್ಟಿತ್ತು, ವರ್ಷದಲ್ಲಿ ಐದು ತಿಂಗಳು ಹೊರಗಿರುವುದು ನನ್ನಿಂದ ಆಗಲಿಲ್ಲ. ಬಿಟ್ಟಾಗ ಎಲ್ಲ ಮುಗಿಯಿತು ಅನಿಸಿತ್ತು. ಕೊನೆ ಶೋ ಆದ ಮೇಲೆ ಸಿಂಬಲ್ ಬಿಚ್ಚಿ ಚೀಲಕ್ಕೆ ಹಾಕುವಾಗ ಆ ನಟ್ಟು ತಿರುಗಿಸಲು ಕೈ ಬರಲಿಲ್ಲ, ಅಲ್ಲೇ ಸುಮ್ನೆ ಕೂತಿದ್ದೆ, ಲೈಟ್ ಆರಿಸುವವರು ಬಂದು ಎಬ್ಬಿಸಿದರು.

ಈಗ ಆರು ವರ್ಷ ಆಯಿತು. ವಾರಕ್ಕೆ ನಾಲ್ಕು ದಿನ ಕಲಿಸುತ್ತೇನೆ, ಉಳಿದ ದಿನ ಬೇರೆಯವರ ಹಾಡಿಗೆ ಮನೆಯಿಂದಲೇ ಡ್ರಮ್ಸ್ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಬ್ಯಾಂಡಿನಲ್ಲಿದ್ದಾಗ ಸಿಗದ ಒಂದು ನೆಮ್ಮದಿ ಇದರಲ್ಲಿ ಇದೆ, ಪ್ರತಿ ತಿಂಗಳು ಎಷ್ಟು ಬರುತ್ತದೆ ಅಂತ ಗೊತ್ತಿರುತ್ತದೆ. ಕಲಿಸುವುದನ್ನು ಬ್ಯಾಂಡಿನಲ್ಲಿ ಇರುವಾಗಲೇ ಶುರು ಮಾಡು ಅಂತ ಹೇಳುತ್ತೇನೆ. ಇಬ್ಬರು ಮೂವರು ಮಕ್ಕಳು ಸಾಕು. ಸಿಂಗಲ್ ಸ್ಟ್ರೋಕ್, ಡಬಲ್ ಸ್ಟ್ರೋಕ್, ಪ್ಯಾರಡಿಡಲ್ ಈ ಮೂಲ ಪಾಠಗಳನ್ನು ಇನ್ನೊಬ್ಬರಿಗೆ ಹೇಳಿಕೊಡುವಾಗ ನನ್ನ ಎಡಗೈ ಎಷ್ಟು ಸೋಮಾರಿ ಅಂತ ನನಗೇ ತಿಳಿಯಿತು.

ಬಿಡುವುದು ಅಂದರೆ ಸೋಲು ಅಂತ ದಯವಿಟ್ಟು ತಿಳಿಯಬೇಡ. ಆರ್.ಇ.ಎಂ. ಡ್ರಮ್ಮರ್ ಬಿಲ್ ಬೆರ್ರಿ 1995ರ ಮಾರ್ಚಿನಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಶೋ ನಡೆಯುತ್ತಿದ್ದಾಗಲೇ ಮೆದುಳಿನ ರಕ್ತನಾಳದ ತೊಂದರೆಯಿಂದ ಕುಸಿದರು. ಗುಣವಾಗಿ ವಾಪಸ್ ಬಂದು ಬಾರಿಸಿದರು, 1997ರಲ್ಲಿ ತಾವಾಗಿಯೇ ಬ್ಯಾಂಡ್ ಬಿಟ್ಟು ಬೇಸಾಯಕ್ಕೆ ಹೋದರು. ಅವರು ಇದ್ದಾಗ ಬರೆದ ಹಾಡುಗಳಲ್ಲಿ ಅವರ ಹೆಸರು ಹಾಗೇ ಇದೆ. ಪಿಕ್ಸೀಸ್‌ನ ಡ್ರಮ್ಮರ್ ಡೇವಿಡ್ ಲವರಿಂಗ್ 1993ರಲ್ಲಿ ಬ್ಯಾಂಡ್ ಒಡೆದ ಮೇಲೆ ಜಾದೂಗಾರ ಆದರು, ವಿಜ್ಞಾನದ ಚಮತ್ಕಾರಗಳನ್ನು ತೋರಿಸುವ ಪ್ರದರ್ಶನ ಮಾಡುತ್ತಿದ್ದರು. 2004ರಲ್ಲಿ ಬ್ಯಾಂಡ್ ಮತ್ತೆ ಸೇರಿದಾಗ ಬಂದು ಡ್ರಮ್ಸ್ ಮುಂದೆ ಕೂತರು.

ನೀನು ಈಗ ಹೋಗು. 24ಕ್ಕೆ ಹೋಗದೆ ಇನ್ನು ಯಾವಾಗ. ನಾನು ಆ ಒಂಬತ್ತು ವರ್ಷವನ್ನು ಯಾವುದಕ್ಕೂ ಕೊಡುವುದಿಲ್ಲ. ಕಿವಿಗೆ ಪ್ಲಗ್ ಹಾಕಿಕೊಂಡು ಹೋಗು, ಹಾಳೆಗೆ ಸಹಿ ಹಾಕಿಸಿಕೊಂಡು ಹೋಗು, ಅಷ್ಟೇ.

ಪ್ರಶ್ನೆ ಕೇಳಿದವನು

ಎಲ್ಲ ಓದಿದೆ, ಎರಡೆರಡು ಸಲ ಓದಿದೆ. ಅಣ್ಣ, ಅಕ್ಕ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಪ್ರಾಕ್ಟೀಸ್ ಶುರು ಮಾಡುವ ಮುಂಚೆ ಮಾತು ತೆಗೆದೆ. ಹೇಗೆ ಶುರು ಮಾಡುವುದು ಅಂತ ಗೊತ್ತಾಗದೆ ಸ್ಮಿತ್ಸ್ ಕೇಸಿನ ಕತೆ ಹೇಳಿದೆ. ಹಾಡುವವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಗ ಬೇಸ್ ನುಡಿಸುವವಳು, ನಾನೂ ಇದನ್ನೇ ಕೇಳಬೇಕು ಅಂತ ಎರಡು ವರ್ಷದಿಂದ ಅಂದುಕೊಂಡಿದ್ದೆ, ಅಂದಳು. ಕೊನೆಗೆ ಹತ್ತು ಹಾಡನ್ನೂ ಒಂದೊಂದಾಗಿ ಕೇಳುತ್ತಾ ಯಾರದು ಎಷ್ಟು ಅಂತ ಬರೆದೆವು. ಆರು ಹಾಡಿನಲ್ಲಿ ನಾಲ್ಕೂ ಜನರ ಹೆಸರು ಬಂತು. ಎರಡು ಹಾಡು ಪೂರ್ತಿ ಅವನದೇ, ಅದರಲ್ಲಿ ನನಗೂ ಬೇಸರ ಇಲ್ಲ. ಇನ್ನೆರಡು ಇನ್ನೂ ತೀರ್ಮಾನ ಆಗಿಲ್ಲ, ಭಾನುವಾರ ಕೂರುತ್ತೇವೆ.

ಆಫೀಸಿನಲ್ಲಿ ಎರಡು ತಿಂಗಳ ರಜೆಗೆ ಒಪ್ಪಿದ್ದಾರೆ, ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ. ಕಿವಿಯ ಅಚ್ಚು ಕೊಡಲು ಗುರುವಾರ ಹೋಗುತ್ತಿದ್ದೇನೆ ಅಕ್ಕ. ಕೊನೆಯದಾಗಿ ಒಂದು ಕೇಳಬೇಕು. ಲೇಬಲ್‌ನವರು ಕರಾರು ಕಳಿಸಿದ್ದಾರೆ, ತಮ್ಮ ವಕೀಲರೇ ಎಲ್ಲ ವಿವರಿಸುತ್ತಾರೆ ಅಂತ ಹೇಳುತ್ತಿದ್ದಾರೆ. ಅದು ಸಾಕಾ?

ಡ್ರಮ್ಮರ್, 17 ವರ್ಷದಿಂದ

ಸಾಕಾಗುವುದಿಲ್ಲ ತಮ್ಮಾ. ಅವರ ವಕೀಲರು ಅವರಿಗಾಗಿ ಕೆಲಸ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ, ಆದರೆ ನಿಮಗೆ ನಿಮ್ಮವರೇ ಬೇಕು. ಸಂಗೀತದ ಕರಾರು ನೋಡಿ ಅಭ್ಯಾಸ ಇರುವ ಒಬ್ಬರನ್ನು ಹುಡುಕಿ, ನಾಲ್ಕೂ ಜನ ಸೇರಿ ಫೀಸ್ ಕೊಡಿ. ಅವರ ಹತ್ತಿರ ಮೂರು ವಿಷಯ ಬಿಡಿಸಿ ಕೇಳು. ಬ್ಯಾಂಡಿನ ಹೆಸರು ಯಾರದು. ಎಷ್ಟು ಆಲ್ಬಂ ತನಕ ನೀವು ಅವರಿಗೆ ಕಟ್ಟಿಬಿದ್ದಿರುತ್ತೀರಿ. ಮತ್ತೆ, ನಾಲ್ವರಲ್ಲಿ ಒಬ್ಬರು ಬಿಟ್ಟು ಹೋದರೆ ಅವರು ಬಾರಿಸಿದ ರೆಕಾರ್ಡಿಂಗಿನ ಪಾಲು ಮುಂದೆಯೂ ಅವರಿಗೆ ಬರುತ್ತದೆ ಅನ್ನುವ ಸಾಲು ಇದೆಯಾ. ನನ್ನ ಮೊದಲ ಕರಾರಿನಲ್ಲಿ ಆ ಸಾಲು ಇರಲಿಲ್ಲ. ಇಲ್ಲದಿದ್ದರೆ ಬರೆಸು, ಸಹಿ ಆಮೇಲೆ.